ಬೆಸಗರಹಳ್ಳಿ ಕಣದಲ್ಲಿ ವಿಮಾನದ ರೆಕ್ಕೆ

ಎದ್ದವಳು ಬಾಗಿಲಿಗೆ ನೀರು ಹಾಕಿದೆ, ಹಾಲು ಕಾಯಿಸಿದೆ, ಹಂಡೆ ತುಂಬಿ ಒಲೆ ಹಚ್ಚಿದೆ. ಮನೆಯವರ ಮಧ್ಯಾಹ್ನಕ್ಕೆ ಚಿತ್ರಾನ್ನ ಕಲಸಿ, ಬೆಕ್ಕಿನ ಭಯಕ್ಕೆ ಮುಚ್ಚಳದ ಮೇಲೆ ಗುಂಡುಕಲ್ಲು ಹೇರಿದೆ. ಆಮೇಲೆ, ರಜಕ್ಕೆ ಬಂದಿದ್ದ ತಮ್ಮ ರಾಮುವನ್ನು ಎಬ್ಬಿಸಿಕೊಂಡು ಮಂಡ್ಯ ಸ್ಟೇಷನ್ನಿಗೆ ಹೊರಟೆ. ಬೆಸಗರಹಳ್ಳಿಯ ಸೋದರತ್ತೆಯ ಮನೆಯಲ್ಲಿ ಅಂದು ರಾಗಿ ತೂರುವುದಿತ್ತು. ಇಬ್ಬರೂ ಬರಲೇಬೇಕೆಂದು ಹೇಳಿಕಳಿಸಿದ್ದರು.

ಪ್ಯಾಸೆಂಜರ್ ರೈಲು ಹನಕೆರೆಯಲ್ಲಿ ನಿಂತಾಗ ಹುರಿಗಡಲೆ ಪೊಟ್ಟಣ ಬಿಚ್ಚಿದೆ. ರಾಮು ಮುಟ್ಟಲಿಲ್ಲ.

“ಏನಾಗಿದೆಯೋ ನಿನಗೆ?”

“ನಾಳೆ ಸಾಹೇಬರ ಮುಂದೆ ನಿಂತು, ನನ್ನ ಲೆಕ್ಕ ತಪ್ಪು ಅಂತ ಒಪ್ಕೋಬೇಕು ಅಕ್ಕ.”

ಅವನು ಬೆಂಗಳೂರಿನಲ್ಲಿ ವಿಮಾನದ ರೆಕ್ಕೆಗಳ ಲೆಕ್ಕ ಮಾಡುವವನು. ವಿಮಾನ ಇಳಿಯುವಾಗ ನಿಧಾನವಾಗುತ್ತದೆ. ಆಗಲೂ ಬೀಳದಿರಲೆಂದು ರೆಕ್ಕೆಯ ಮುಂದೊಂದು, ಹಿಂದೊಂದು ಪಟ್ಟಿ ಹೊರಗೆ ಚಾಚಿಕೊಳ್ಳುತ್ತದೆ. ಅಂಥ ರೆಕ್ಕೆ ಎಷ್ಟು ಭಾರ ಎತ್ತೀತೆಂದು ಇವನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದ. ಅದೇ ರೆಕ್ಕೆಯ ಸಣ್ಣ ಮಾದರಿಯನ್ನು ಫ್ಯಾನಿನಿಂದ ಗಾಳಿ ಹಾಯಿಸುವ ಸುರಂಗದಲ್ಲಿಟ್ಟು ಬೇರೆಯವರು ಅಳೆದಿದ್ದರು. ರೆಕ್ಕೆಯ ಮೂತಿ ಸ್ವಲ್ಪ ಎತ್ತಿದರೆ ಲೆಕ್ಕವೂ ಅಳತೆಯೂ ತಾಳೆಯಾಗುತ್ತವೆ. ಹೆಚ್ಚು ಎತ್ತಿದರೆ ಸುರಂಗದ ರೆಕ್ಕೆ ಭಾರ ಎತ್ತಲಾರದೆ ಬೇಗ ಸೋತುಬಿಡುತ್ತದೆ, ಇವನ ಲೆಕ್ಕದ ರೆಕ್ಕೆ ಸೋಲುವುದಿಲ್ಲ. ಕಾರಣ ಹೇಳದಿದ್ದರೆ ಕಂಪ್ಯೂಟರ್ ಕೆಲಸವನ್ನೇ ನಿಲ್ಲಿಸುತ್ತಾರಂತೆ.

ಮದ್ದೂರಿನಲ್ಲಿ ಇಳಿದು ಕಾಫಿ ಕುಡಿದೆವು. ಇದೇ ಯೋಚನೆಯಲ್ಲಿ ಮಳವಳ್ಳಿ ಬಸ್ಸು ಹತ್ತಹೊರಟವನನ್ನು ತೋಳು ಹಿಡಿದೆಳೆದು ಬೆಸಗರಹಳ್ಳಿ ಬಸ್ಸಿಗೆ ಹತ್ತಿಸಿದೆ. ದಾರಿಯುದ್ದಕ್ಕೂ ನಿಂತೇ ಹೋದೆವು.

ನಾವು ಹೋಗುವಷ್ಟರಲ್ಲಿ ಒಳ್ಳೆ ಗಾಳಿ ಎದ್ದಿತ್ತು. ಅತ್ತೆಯ ಮಗ ಚಿಕ್ಕಣ್ಣ ಎತ್ತರದ ಮಣೆಯ ಮೇಲೆ ನಿಂತು ಮೊರದಿಂದ ರಾಗಿ ಸುರಿಯುತ್ತಿದ್ದ. ಕಾಳು ನೇರ ಕೆಳಕ್ಕೆ. ಹೊಟ್ಟು ಹೊಗೆಯಂತೆ ದೂರಕ್ಕೆ. ಕಣದ ನಡುವೆ, ಹಂತಿಯ ಎತ್ತು ಕಟ್ಟುವ ಮೇಟಿ ಕಂಬದ ಹಿಂದೆ ಮಾತ್ರ ಹೊಟ್ಟು ಮುಂದೆ ಹೋಗದೆ ಗಿರಗಿರ ಸುತ್ತಿ ಅಲ್ಲೇ ಬೀಳುತ್ತಿತ್ತು.

ರಾಮು ಒಂದು ಗಳಿಗೆ ನಿಂತು ನೋಡಿದ. ಮರುಗಳಿಗೆ ಬೂಟುಗಾಲಲ್ಲೇ ಕಣಕ್ಕೆ ನುಗ್ಗಿದ.

“ಲೇ, ಮೆಟ್ಟು ಬುಡ್ಲಾ! ಕಣ ಕಣ್ಲಾ ಅದು!” ಅತ್ತೆ ಕೂಗಿದರು.

ಬೂಟು ಕಿತ್ತೆಸೆದು ಅವನೂ ಕೂಗಿದ: “ಅಕ್ಕಾ, ಬ್ರಾಕೆಟ್ಟು! ಸುರಂಗದ ರೆಕ್ಕೆಗೆ ಆ ಪಟ್ಟಿಗಳನ್ನ ಕಬ್ಬಿಣದ ಬ್ರಾಕೆಟ್ಟಲ್ಲಿ ಹಿಡಿಸಿದಾರೆ. ನನ್ನ ಲೆಕ್ಕದಲ್ಲಿ ಪಟ್ಟಿ ಯಾವ ಆಸರೆಯೂ ಇಲ್ಲದೆ ಗಾಳಿಯಲ್ಲಿ ನಿಂತುಬಿಟ್ಟಿದೆ!”

ಬ್ರಾಕೆಟ್ಟಿನ ಹಿಂದೆಯೂ ಗಾಳಿ ಹೀಗೇ ಕೆಡುತ್ತಿರಬೇಕು, ಅದಕ್ಕೇ ಸುರಂಗದ ರೆಕ್ಕೆ ಬೇಗ ಸೋಲುತ್ತಿರಬೇಕು ಎಂದು ಅವನ ಊಹೆ. ನೋಡಿಯೇಬಿಡೋಣವೆಂದು ಚಿಕ್ಕಣ್ಣನ ಮೊರ ಕಸಿದ. ಹೆಣೆಯಲೆಂದು ಚೀಲದಲ್ಲಿ ತಂದಿದ್ದ ಉಲ್ಲನ್ ದಾರವನ್ನು ನಾನು ಗೇಣುದ್ದಕ್ಕೆ ಕತ್ತರಿಸಿಕೊಟ್ಟೆ. ಮೊರ ಬೋರಲು ಹಾಕಿ, ಎಳೆಗಳ ಒಂದೊಂದು ತುದಿಯನ್ನು ಸಗಣಿಯಲ್ಲಿ ಅಂಟಿಸಿದೆವು. ಮುಂದಿನ ಅಂಚಿಗೆ ಬ್ರಾಕೆಟ್ಟಿನ ಬದಲು ಒಂದು ದಪ್ಪ ಕಡ್ಡಿ ಸಿಕ್ಕಿಸಿದೆವು.

“ಗಾಳಿ ಬತ್ತಾ ಅದೆ, ಮೊರ ಕಿತ್ಕಂಡು ಆಟ ಆಡ್ತಿದ್ದೀಯಲ್ಲಲಾ! ನಿಂತೋದ್ರೆ ನೀನೇ ಊದ್ತೀಯಾ?” ಚಿಕ್ಕಣ್ಣ ಮಣೆಯ ಮೇಲಿನಿಂದಲೇ ಬೈದ.

ರಾಮು ಮೊರವನ್ನು ಗಾಳಿಗೊಡ್ಡಿ ಮೂತಿಯನ್ನು ಮೆಲ್ಲಗೆ ಎತ್ತಿದ. ಎಳೆಗಳೆಲ್ಲ ಬಾಚಿದ ಕೂದಲಿನಂತೆ ಹಿಂದಕ್ಕೆ ಮಲಗಿದವು. ಕಡ್ಡಿಯ ಹಿಂದಿನವು ಮಾತ್ರ ಎದ್ದು ದಿಕ್ಕಾಪಾಲಾಗಿ ಕುಣಿದವು! ಬೈಯುತ್ತಿದ್ದ ಚಿಕ್ಕಣ್ಣನೇ ಮಣೆಯಿಂದ ಧುಮುಕಿ ಬಂದ.

“ಅಂಗಾರೆ ನಿನ್ ಲೆಕ್ಕ ಸರೀನಾ?”

“ಗೊತ್ತಿಲ್ಲ ಕಣೋ. ಸುರಂಗದ ರೆಕ್ಕೆಗೂ ಹೀಗೆ ಎಳೆ ಅಂಟಿಸಿ ನೋಡಬೇಕು. ತಪ್ಪು ಅಂತ ನಾಳೆ ಒಪ್ಪಲ್ಲ. ಒಂದು ದಿನ ಸುರಂಗ ಕೊಡಿ ಅಂತ ಕೇಳ್ತೀನಿ.”

“ಸಗಣಿ ಇಲ್ಲಿಂದ್ಲೇ ತಕಂಡೋಗಪ್ಪ, ನಿಮ್ ಬೆಂಗ್ಳೂರಲ್ಲಿ ಸಿಕ್ತದೋ ಇಲ್ವೋ!” ಎಂದರು ಅತ್ತೆ. ರಾಮು ನಕ್ಕಿದ್ದು ಆ ದಿನದಲ್ಲಿ ಅದೇ ಮೊದಲು.

ಸಂಜೆಯಾಗುವ ಮುಂಚೆಯೇ ಗಾಳಿ ಬಿದ್ದುಹೋಯಿತು, ರಾಶಿ ಅರ್ಧ ಉಳಿಯಿತು. ಚಿಕ್ಕಣ್ಣ ಬಿಡುತ್ತಾನೆಯೇ? ಉಳಿದದ್ದಕ್ಕೆಲ್ಲ ರಾಮುವಿನ ಕೈಯಲ್ಲೇ ಹುಲ್ಲು ಮುಚ್ಚಿಸಿದ.

ರಾತ್ರಿ ಬಿಸಿ ಮುದ್ದೆ, ಅವರೆಕಾಳಿನ ಸಾರು, ಹಸಿ ಈರುಳ್ಳಿ. ರಾಮು ಎರಡನೆಯ ಮುದ್ದೆಯನ್ನು ತಾನೇ ಕೇಳಿ ಹಾಕಿಸಿಕೊಂಡ. “ಅಕ್ಕ, ಮೊದಲ ಬಸ್ಸಿಗೆ ಎಬ್ಬಿಸು,” ಎಂದು ಜಗಲಿಯ ಮೇಲೆ ಚಾಪೆ ಹಾಸಿದ. ಚಿಕ್ಕಣ್ಣ ಪಕ್ಕದಲ್ಲಿ ಕೂತು ಇನ್ನೂ ರೇಗಿಸುತ್ತಲೇ ಇದ್ದ. ಎಲ್ಲರಿಗಿಂತ ಮೊದಲು ರಾಮುವೇ ನಿದ್ದೆಹೋಗಿದ್ದ.