ತಾತನ ಫೋನಿನಲ್ಲಿ ನನ್ನ ಹಲ್ಲು

ನಮ್ಮ ತಾತ ಫೋನು ಓದುವುದನ್ನು ನಾನು ಮಾಡಿ ತೋರಿಸಿದರೆ ಮನೆಯಲ್ಲಿ ನಗದವರಿಲ್ಲ. ಜಾವಗಲ್ ಬಸ್ಸು ನಿಲ್ಲಿಸುವವರ ಹಾಗೆ ಕೈ ಉದ್ದಕ್ಕೆ ಚಾಚಬೇಕು, ಕತ್ತು ಹಿಂದಕ್ಕೆ, ಹುಬ್ಬು ಮೇಲಕ್ಕೆ. ಆಮೇಲೆ ಬಾಯಿ ಅರ್ಧ ತೆರೆದು "ಹ್ಞಾ... ಕಾಶ್ಯಪ..." ಅನ್ನಬೇಕು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು, "ದೊಡ್ಡವರನ್ನ ಆಡ್ಕೋಬಾರದು ಕಣೋ" ಎನ್ನುತ್ತಿದ್ದರು. ಒಂದು ನಿಮಿಷ ಬಿಟ್ಟು, "ಇನ್ನೊಂದ್ಸಲ ಮಾಡು" ಎನ್ನುತ್ತಿದ್ದರು.

ತಾತ ನಮ್ಮ ಹಳ್ಳಿಯ ಈಶ್ವರನ ಗುಡಿಯ ಅರ್ಚಕರು. ಊರು ಬಿಟ್ಟವರು ಸೋಮವಾರ ಬೆಳಗ್ಗೆ ಮನೆಯವರ ಹೆಸರು, ಗೋತ್ರ, ನಕ್ಷತ್ರಗಳನ್ನು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ತಾತ ಗರ್ಭಗುಡಿಯಲ್ಲಿ ಕೂತು, ಫೋನು ನೋಡಿ ಒಬ್ಬೊಬ್ಬರ ಹೆಸರಲ್ಲೂ ಸಂಕಲ್ಪ ಹೇಳಿ, ಅದನ್ನು ರೆಕಾರ್ಡ್ ಮಾಡಿ ಅವರಿಗೇ ಕಳಿಸುತ್ತಾರೆ.

"ಅಕ್ಷರ ಕಾಣ್ತಿಲ್ವೋ" ಎಂದು ಅವರು ಒಂದು ಭಾನುವಾರ ಹೇಳಿದಾಗ ನಾನು ಎದೆ ಉಬ್ಬಿಸಿದೆ. ಅರಸೀಕೆರೆಯ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವವನು ನಾನು. ಫೋನುಗಳಿಗೆ ಗಾಜು ಅಂಟಿಸಿ ಅಂಟಿಸಿ ನಾನೇ ಅವುಗಳ ಡಾಕ್ಟರು ಅಂದುಕೊಂಡಿದ್ದವನು. ಸೆಟ್ಟಿಂಗಿಗೆ ಹೋಗಿ ಅಕ್ಷರವನ್ನು ಇದ್ದಷ್ಟೂ ದೊಡ್ಡದು ಮಾಡಿದೆ. "ತಗೊಳ್ಳಿ ತಾತ, ಇನ್ನು ಅಷ್ಟು ದೂರದ ಬಸ್ತಿಹಳ್ಳಿಯಿಂದಲೇ ಓದಬಹುದು."

ಮರುದಿನ ಮಧ್ಯಾಹ್ನ ಒಬ್ಬಾಕೆಯ ಉತ್ತರ ಬಂತು: "ಮೂಲಾ ನಕ್ಷತ್ರ ನನ್ನದು, ನಮ್ಮತ್ತೆಯವರದಲ್ಲ. ಅವರು ಕೇಳಿಸಿಕೊಂಡು ಊಟ ಬಿಟ್ಟು ಕೂತಿದ್ದಾರೆ."

ಸೊಸೆ ಬಂದಾಗಿನಿಂದ ಅವಳ ಮೂಲಾ ನಕ್ಷತ್ರಕ್ಕೆ ಮೂಗು ಮುರಿಯುತ್ತಿದ್ದ ಅತ್ತೆಗೆ ದೇವರ ಮುಂದೆಯೇ ಅದನ್ನು ಅಂಟಿಸಲಾಗಿತ್ತು. ನಾನು ಬಿದ್ದು ಬಿದ್ದು ನಕ್ಕೆ. ತಾತ ನಗಲಿಲ್ಲ. ಫೋನನ್ನು ಮಣೆಯ ಮೇಲಿಟ್ಟು, "ಮುಂದಿನ ಸೋಮವಾರದಿಂದ ನಿಮ್ಮಪ್ಪನೇ ಓದ್ಲಿ. ಒಬ್ಬರ ನಕ್ಷತ್ರ ಇನ್ನೊಬ್ಬರಿಗೆ ಹೇಳೋನು ಒಳಗೆ ಕೂರಬಾರದು" ಅಂದರು.

ಆಗ ನನ್ನ ನಗು ನಿಂತಿತು. ಆದರೆ ಒಂದು ವಿಚಾರ ಮಾತ್ರ ತಲೆ ಕೊರೆಯತೊಡಗಿತು. ಇದೇ ತಾತ ಜಗುಲಿಯಲ್ಲಿ ಕೂತು ಊದುಬತ್ತಿ ಪೊಟ್ಟಣದ ಮೇಲಿನ ಸಣ್ಣಕ್ಷರ ಓದುತ್ತಾರಲ್ಲ? ಗರ್ಭಗುಡಿಯಲ್ಲಿ ಏನಾಗುತ್ತೆ? ಇಷ್ಟು ದಿನ ನಾನು ಅವರ ಕೈ ಮಾಡಿ ತೋರಿಸಿದ್ದೆ, ಕತ್ತು ಮಾಡಿ ತೋರಿಸಿದ್ದೆ, ಕಣ್ಣು ಮಾಡಿರಲಿಲ್ಲ.

ಭಾನುವಾರ ಸ್ನಾನ ಮಾಡಿ, ಮಡಿಪಂಚೆ ಉಟ್ಟೆ. ವಯಸ್ಸಾದ ಕಣ್ಣಿನ ಮಬ್ಬು ಬರಲಿ ಅಂತ ತಾತನ ಹಳೇ ಕನ್ನಡಕಕ್ಕೆ ಚಿಟಿಕೆ ವಿಭೂತಿ ಉಜ್ಜಿ ಮೂಗಿಗೇರಿಸಿದೆ.

"ಏನೋ ಇದು, ಕನ್ನಡಕಕ್ಕೂ ಪೂಜೆನಾ?" ಎಂದರು ತಾತ.

"ನೀವಾಗ್ತಿದೀನಿ, ಸುಮ್ನಿರಿ."

ಗರ್ಭಗುಡಿಗೆ ನಾವು ಕರೆಂಟ್ ದೀಪ ಹಾಕುವುದಿಲ್ಲ, ಎರಡು ಎಣ್ಣೆ ದೀಪ ಅಷ್ಟೇ. ಅವರ ಮಣೆಯ ಮೇಲೆ ಕೂತು ಕೈ ಚಾಚಿದೆ. ಹೊರಗೆ ಫಳಫಳ ಅನ್ನುತ್ತಿದ್ದ ಪರದೆ ಕತ್ತಲು ಕಂಡದ್ದೇ ತಡ, ತಾನಾಗಿಯೇ ಮಂಕಾಯಿತು. ಅಕ್ಷರ ದೊಡ್ಡದಿದ್ದರೂ ಬೂದಿಯೊಳಗಿನ ಇದ್ದಿಲಿನಂತೆ ಮಸುಕು. ದೊಡ್ಡದು ಮಾಡಿದ್ದರಿಂದ ಇನ್ನೊಂದು ಫಜೀತಿ: ಹೆಸರು ಪರದೆಯ ತಳಕ್ಕೆ ಬಂದರೆ ನಕ್ಷತ್ರ ನೋಡಲು ಬೆರಳಿನಿಂದ ಮೇಲಕ್ಕೆ ತಳ್ಳಬೇಕು, ಸ್ವಲ್ಪ ಜೋರಾಗಿ ತಳ್ಳಿದರೆ ಅತ್ತೆಯ ನಕ್ಷತ್ರ ದಾಟಿ ಸೊಸೆಯದೇ ಎದುರಿಗೆ. ಇಷ್ಟು ಸಾಲದು ಅಂತ ಅಕ್ಷರಗಳ ಹಿಂದೆ ಯಾವನೋ ಹಲ್ಲು ಕಿರಿಯುತ್ತಿದ್ದ. ನಾನೇ! ತಾತನಿಗೆ ಫೋನು ಕೊಡಿಸಿದ ದಿನ ತಮಾಷೆಗೆ ಚಾಟಿನ ಹಿನ್ನೆಲೆಗೆ ಹಾಕಿದ್ದ ಫೋಟೋ. ಭಾರದ್ವಾಜ ಗೋತ್ರ ನನ್ನ ಮೀಸೆಯಲ್ಲಿ ಸಿಕ್ಕಿಕೊಂಡಿತ್ತು.

"ಏನ್ ಕಾಣಿಸ್ತೋ?" ಬಾಗಿಲಿಂದ ತಾತ ಕೇಳಿದರು.

"ಹಲ್ಲು ಕಾಣ್ತಿದೆ ತಾತ."

"ನಂಗೂ ಅಷ್ಟೇ ಕಾಣ್ತಿದ್ದಿದ್ದು."

"ಮತ್ತೆ ಹೇಳ್ಬಾರದಿತ್ತಾ?"

"ಮೊಮ್ಮಗ ಆಸೆಪಟ್ಟು ಹಾಕಿದಾನೆ. ತೆಗಿ ಅಂತ ಹೆಂಗನ್ನಲಿ?"

ಅಲ್ಲೇ ಕೂತು ನನ್ನ ಮುಖ ತೆಗೆದು ಬಿಳಿ ಹಿನ್ನೆಲೆ ಹಾಕಿದೆ. ಅಕ್ಷರವನ್ನು ಎರಡು ಮೆಟ್ಟಿಲು ಇಳಿಸಿ, ದಪ್ಪ ಗೆರೆಯದು ಮಾಡಿದೆ. ಬೆಳಕು ತಾನೇ ಏರಿಳಿಯುವುದನ್ನು ನಿಲ್ಲಿಸಿದೆ. ತಾತ ಒಳಗೆ ಬಂದು ಹಳೆಯ ಪಟ್ಟಿಯೊಂದನ್ನು ಓದಿದರು. ಒಮ್ಮೆ ತಡವರಿಸಿದರು, "ಇನ್ನೊಂಚೂರು ಬೆಳಕು" ಅಂದರು. ಏರಿಸಿದೆ. ಆಮೇಲೆ ತಡವರಿಸಲಿಲ್ಲ. ಆದರೂ "ನಾಳೆ ನೋಡೋಣ" ಎಂದಷ್ಟೇ ಹೇಳಿದರು.

ಸೋಮವಾರ ನಾನು ಅಂಗಡಿಗೆ ತಡವಾಗಿ ಬರುತ್ತೇನೆಂದು ಹೇಳಿ ಗುಡಿಯಲ್ಲೇ ನಿಂತೆ. ಅಪ್ಪ ಮಡಿಯುಟ್ಟು ಸಿದ್ಧರಾಗಿದ್ದರು. ತಾತ ಅವರನ್ನು ದಾಟಿಕೊಂಡು ಹೋಗಿ ಮಣೆಯ ಮೇಲೆ ಕೂತರು. ಮೊದಲು ಓದಿದ್ದು ಆ ಅತ್ತೆಯದು: ಹೆಸರು, ಗೋತ್ರ, ರೋಹಿಣಿ ನಕ್ಷತ್ರ. ಆಮೇಲೆ ಸೊಸೆಯದು, ಮೂಲಾ. ಪಟ್ಟಿ ಮುಗಿದ ಮೇಲೆ ನಮ್ಮ ಮನೆಯವರದು ಬಾಯಿಪಾಠ. ನನ್ನ ಹೆಸರು ಬಂದಾಗ ತಾತ ಫೋನು ಕೆಳಗಿಟ್ಟು, ನನ್ನ ಕಡೆ ಕೈ ಉದ್ದಕ್ಕೆ ಚಾಚಿ, ಕತ್ತು ಹಿಂದಕ್ಕೆ ಹಾಕಿ, ಹುಬ್ಬೇರಿಸಿದರು. ಬಾಯಿ ಅರ್ಧ ತೆರೆದು, "ಹ್ಞಾ... ಕಾಶ್ಯಪ..."

ನನಗಿಂತ ಚೆನ್ನಾಗಿ ಮಾಡಿದರು.