ಟ್ರಾಲಿಯ ಮೇಲಿನ ಐವತ್ತೆಂಟು ಕಿಲೋ

ಕಥೆ ಕಟ್ಟುವವರ ಪೈಕಿ ನಾನಲ್ಲ. ಎಲ್ಲಿ ಏನು ಕೆಡಬಹುದು ಎಂದು ಮೊದಲೇ ಅನುಮಾನಪಟ್ಟು ಬರೆದಿಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಆದರೂ ಇದು ನಡೆದದ್ದು, ನನ್ನ ಕಣ್ಣೆದುರಿಗೇ ನಡೆದದ್ದು. ನಂಬದವರ ಜೊತೆ ಜಗಳಕ್ಕೆ ಬರುವುದಿಲ್ಲ... ಒಂದು ವರ್ಷ ನಾನೇ ನಂಬದೆ ಕೂತಿದ್ದೆ.

ಅಣುಸ್ಥಾವರದ ವಿಕಿರಣ ತ್ಯಾಜ್ಯವನ್ನು ಗಾಜಿನ ಜೊತೆ ಕರಗಿಸಿ, ಉಕ್ಕಿನ ಡ್ರಮ್ಮಿಗೆ ಸುರಿದು ಗಟ್ಟಿ ಮಾಡುತ್ತಾರೆ. ನಿಜವಾದ ತ್ಯಾಜ್ಯ ಮುಟ್ಟುವ ಮೊದಲು, ವಿಕಿರಣವಿಲ್ಲದ ಮಾಮೂಲಿ ರಾಸಾಯನಿಕ ಹಾಕಿ ಯಂತ್ರಗಳನ್ನು ಪರೀಕ್ಷಿಸಬೇಕು. ಅಂಥ ಪರೀಕ್ಷೆಯ ಶೆಡ್ಡೊಂದು ಹಿರಿಯಡ್ಕ ದಾಟಿ ಕಾರ್ಕಳದ ಕಡೆ ಹೋಗುವಾಗ ಒಳದಾರಿಯಲ್ಲಿತ್ತು. ಕುಲುಮೆ ಹಗಲೂ ರಾತ್ರಿ ಉರಿಯಬೇಕು, ಹಾಗಾಗಿ ರಾತ್ರಿ ಪಾಳಿ. ಇಬ್ಬರೇ ಇರುತ್ತಿದ್ದೆವು. ನಾನು, ಮತ್ತೆ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಅರ್ಧ ಆಯುಷ್ಯ ಕಳೆದು ಬಂದ ವಾಮನಣ್ಣ.

ಗಾಜು ಸುರಿಯುವ ಕೋಣೆಗೆ ಒಂದೇ ಬಾಗಿಲು, ಒಂದೇ ಕೀಲಿ. ಕೀಲಿ ನಮ್ಮ ಪ್ಯಾನೆಲ್ಲಿನಲ್ಲಿದ್ದರೆ ಮಾತ್ರ ಸುರಿಯುವ ಕೊಳವೆ ಬಿಸಿಯಾಗಿ ಗಾಜು ಇಳಿಯುತ್ತದೆ. ಅದನ್ನು ಕಿತ್ತರೆ ಮಾತ್ರ ಬಾಗಿಲು ತೆರೆಯಬಹುದು. ಆದ್ದರಿಂದ ಸುರಿಯುವಾಗ ಒಳಗೆ ಮನುಷ್ಯ ಇರಲು ಸಾಧ್ಯವಿಲ್ಲ ಎಂದು ಸುರಕ್ಷತಾ ವರದಿಯಲ್ಲಿ ಬರೆದವಳು ನಾನು. ಬೀಗ ಹಾಕುವವರು ಒಳಗೊಮ್ಮೆ ಕಣ್ಣಾಡಿಸಬೇಕು ಎಂಬ ನಿಯಮವನ್ನೂ ನಾನೇ ಬರೆದಿದ್ದೆ.

ಆ ರಾತ್ರಿ ವಾಮನಣ್ಣ ಟ್ರಾಲಿಯ ಮೇಲೆ ಖಾಲಿ ಡ್ರಮ್ ಇಟ್ಟು, "ಆಯ್ತು ಮೇಡಂ, ನಾನು ಹಿಂದೆ ಪಂಪ್ ನೋಡಿ ಬರ್ತೇನೆ" ಅಂದರು. ನಾನು ಮೊಬೈಲ್ ನೋಡುತ್ತಲೇ ಬಾಗಿಲಿಗೆ ಬೀಗ ಹಾಕಿ ಬಂದು, ಪ್ಯಾನೆಲ್ಲಿನಲ್ಲಿ ಕೀಲಿ ತಿರುಗಿಸಿದೆ. ಗಾಜು ಬೆಲ್ಲದ ಪಾಕದ ಹಾಗೆ ಎಳೆಯಾಗಿ ಇಳಿಯತೊಡಗಿತು. ಪರದೆಯಲ್ಲಿ ಟ್ರಾಲಿಯ ತೂಕ ನಿಧಾನವಾಗಿ ಏರುತ್ತಿತ್ತು.

ಒಮ್ಮೆಲೇ ಐವತ್ತೆಂಟು ಕಿಲೋ ಜಾಸ್ತಿಯಾಯಿತು.

ಗಾಜು ಹಾಗೆ ಬೀಳುವುದಿಲ್ಲ. ಆದರೆ ಟ್ರಾಲಿಯ ಅಡಿಯ ತೂಕದ ಯಂತ್ರ ಬಿಸಿಗೆ ಆಗಾಗ ತಪ್ಪು ತೋರಿಸುತ್ತಿತ್ತು. ಸೊನ್ನೆಗೆ ತರುವ ಬಟನ್ ಒತ್ತಿ ಮುಂದುವರಿಯುವುದು ಎಲ್ಲ ಪಾಳಿಯವರ ಅಭ್ಯಾಸ. ನಾನೂ ಒತ್ತಿದೆ.

ಸೊನ್ನೆ ಸುಮ್ಮನೆ ನಿಲ್ಲಲಿಲ್ಲ. ಎರಡು ಕಿಲೋ ಮೇಲೆ... ಎರಡು ಕೆಳಗೆ... ಮತ್ತೆ ಮೇಲೆ. ಕಾದ ನೆಲದ ಮೇಲೆ ಬರಿಗಾಲಲ್ಲಿ ನಿಂತವರು ಕಾಲು ಬದಲಿಸುವ ಹಾಗೆ.

ವಾಮನಣ್ಣ ಸಪೂರ ಮನುಷ್ಯ, ಅಷ್ಟೇ ತೂಕವಿರಬೇಕು. ಅವರು ಹೊರಗೆ ಬಂದದ್ದನ್ನು ನಾನು ನೋಡಿದ್ದೆನಾ? ಮಾತು ಮಾತ್ರ ಕೇಳಿದ್ದೆ. ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಕ್ಯಾಮರಾದಲ್ಲಿ ಬರೀ ಬಿಳಿ ಉರಿ. ಒಳಕೋಣೆಯ ಮೈಕ್ ಆನ್ ಮಾಡಿದೆ. ಗಾಳಿಯಂತ್ರದ ಗುಂಯ್ ಶಬ್ದ... ಅದರ ನಡುವೆ, ಹಲ್ಲು ಕಚ್ಚಿಕೊಂಡು ಉಸಿರೆಳೆಯುವ ಸದ್ದು. ಸ್ಸ್... ಸ್ಸ್...

"ವಾಮನಣ್ಣ, ನೀವಾ?"

ಕೂಡಲೇ ಕೀಲಿ ಕೀಳಬೇಕಿತ್ತು. ಕೀಳಲಿಲ್ಲ. ಕಿತ್ತರೆ ಕೊಳವೆಯೊಳಗೆ ಗಾಜು ಗಟ್ಟಿಯಾಗಿ ಒಂದು ತಿಂಗಳ ಪರೀಕ್ಷೆ ಹಾಳು. ಒಳಗೆ ಯಾರೂ ಇರಲಾರರು ಎಂದು ನನ್ನದೇ ವರದಿ ಹೇಳುತ್ತದೆ... ಹೀಗೆ ಯೋಚಿಸುತ್ತಾ ನಿಂತೆ. ಸ್ಸ್... ಸ್ಸ್... ದೇವರೇ, ಕೈ ಮುಂದೆ ಹೋಗಲೇ ಇಲ್ಲ. ಕೊನೆಗೆ ಅಳುತ್ತಾ ಕೀಲಿ ಕಿತ್ತು ಓಡಿದೆ.

ಬೀಗಕ್ಕೆ ಕೀಲಿ ಹಾಕುವಾಗ ಹಿಂದಿನಿಂದ ಸ್ವರ ಬಂತು.

"ಎಂತಾಯ್ತು ಮೇಡಂ?"

ವಾಮನಣ್ಣ! ಕೈಯೆಲ್ಲ ಗ್ರೀಸು. ಪಂಪಿನ ಗದ್ದಲಕ್ಕೆ ಫೋನ್ ಕೇಳಿಸಲಿಲ್ಲವಂತೆ. ಅವರ ಕಾಲು ಹಿಡಿದು ಅಳಬೇಕೆನಿಸಿತು. ಅಷ್ಟರಲ್ಲಿ ಸ್ಪೀಕರಿನಿಂದ ಮತ್ತೆ... ಸ್ಸ್... ಸ್ಸ್...

ಅವರು ಪರದೆಯ ಕಡೆಗೆ ಹಿಂದೆ ಸರಿದರು. "ತೆಗೀಬೇಡಿ ಮಾರಾಯ್ರೆ," ಎಂದು ಪಿಸುಗುಟ್ಟಿದರು. "ನಾವಿಬ್ಬರೂ ಇಲ್ಲೇ ಇದ್ದೇವಲ್ಲ. ಮತ್ತೆ ಒಳಗೆ ಯಾರಿರ್ತಾರೆ?"

"ಯಾರೇ ಆಗಲಿ, ಸುಡ್ತಾ ಉಂಟಲ್ವಾ ವಾಮನಣ್ಣ?"

ತೆರೆದೆ.

ಝಳ ಮುಖಕ್ಕೆ ಹೊಡೆಯಿತು. ಜೊತೆಗೆ ತೆಂಗಿನೆಣ್ಣೆ ಹಚ್ಚಿದ ಕೂದಲು ಸುಟ್ಟ ವಾಸನೆ. ಟ್ರಾಲಿ, ಡ್ರಮ್, ಇನ್ನೂ ತೊಟ್ಟಿಕ್ಕುತ್ತಿದ್ದ ಕೆಂಪು ಗಾಜು... ಅಷ್ಟೇ. ಯಾರೂ ಇರಲಿಲ್ಲ.

"ಮೇಡಂ..." ಪರದೆಯ ಮುಂದೆ ನಿಂತಿದ್ದ ವಾಮನಣ್ಣ ಕರೆದರು. "ತೂಕ ಮೈನಸ್ ತೋರಿಸ್ತಾ ಉಂಟು. ಮೈನಸ್ ಐವತ್ತಕ್ಕಿಂತ ಜಾಸ್ತಿ."

ನಾನು ಸೊನ್ನೆ ಮಾಡಿಟ್ಟಿದ್ದ ಭಾರ ಟ್ರಾಲಿಯಿಂದ ಇಳಿದಿತ್ತು.

ಬೆಳಿಗ್ಗೆ ಮೇಲಧಿಕಾರಿ ನಕ್ಕರು. "ಯಂತ್ರ ಬಿಸಿಯಾಗಿದೆ, ಅಷ್ಟೇ. ಝೀರೋ ಎರರ್ ಅಂತ ಬರೆದುಬಿಡಿ." ಬರೆದೆ. ವಾಮನಣ್ಣ ಆ ವಾರವೇ ಕೆಲಸ ಬಿಟ್ಟು ಐಸ್ ಪ್ಲಾಂಟಿಗೆ ವಾಪಸಾದರು.

ಆ ರಾತ್ರಿಯ ತೂಕದ ಗ್ರಾಫ್ ನನ್ನ ಹತ್ತಿರ ಇದೆ. ಬಾಗಿಲು ತೆರೆದ ಗಳಿಗೆಯಲ್ಲಿ ತೂಕ ಒಮ್ಮೆ ಸರ್ರನೆ ಮೇಲೇರಿ, ಆಮೇಲೆ ಬಿದ್ದಿದೆ. ಪರ್ಕಳದ ನನ್ನ ರೂಮಿನಲ್ಲಿ ತೂಕದ ಯಂತ್ರದ ಮೇಲೆ ನಿಂತು ನೋಡಿದ್ದೇನೆ. ಹಾರಿ ಇಳಿಯಬೇಕಾದರೆ ಮೊದಲು ಕಾಲೂರಿ ಒತ್ತಬೇಕು, ಆಗ ಮುಳ್ಳು ಹಾಗೆಯೇ ಮೇಲೇರಿ ಬೀಳುತ್ತದೆ.

ಅಂದರೆ ಅದು ಬಾಗಿಲು ತೆರೆಯುವುದನ್ನೇ ಕಾಯುತ್ತಿತ್ತು. ನನ್ನ ಪಕ್ಕದಲ್ಲೇ ಹೊರಗೆ ಹೋಗಿದೆ. ಯಾರು, ಏನು, ಎಲ್ಲಿಗೆ... ನನಗೆ ಗೊತ್ತಿಲ್ಲ. ಅದು ಟ್ರಾಲಿ ಹತ್ತಿದ ಮೇಲೆ ನಾನು ಕೀಲಿ ಕೀಳಲು ನಾಲ್ಕು ನಿಮಿಷ ತೆಗೆದುಕೊಂಡಿದ್ದೇನೆ. ಅಷ್ಟು ಹೊತ್ತೂ ಆ ಬೆಂಕಿಯಲ್ಲಿ ಅದು ಕಾಲು ಬದಲಿಸುತ್ತಲೇ ನಿಂತಿತ್ತು. ನಿದ್ದೆ ಬಾರದಿದ್ದಾಗ ಗ್ರಾಫಿನ ಗೆರೆಯ ಮೇಲೆ ಬೆರಳಿಟ್ಟು ಆ ಏರಿಳಿತಗಳನ್ನು ಎಣಿಸುತ್ತೇನೆ.

ನೂರಾ ಹದಿನೇಳು ಸಲ.