ಒಂಟಿ ಸಲಗ ಬಂತು

ಶಾಲೆಯಿಂದ ತಂದ ಸಾಹಸ ಕಥೆಗಳ ಪುಸ್ತಕದಲ್ಲಿ ಒಬ್ಬ ಯುದ್ಧವಿಮಾನದ ಪೈಲಟ್ ಇದ್ದ. ಶತ್ರುವಿನ ಮೇಲೆ ಎರಗುವ ಮೊದಲು ರೇಡಿಯೋದಲ್ಲಿ "ಒಂಟಿ ಸಲಗ ಬಂತು!" ಎನ್ನುತ್ತಿದ್ದ. ತಾಳವಾಡಿಯಲ್ಲಿ ಆರನೇ ತರಗತಿ ಓದುತ್ತಿದ್ದ ನನಗೆ ಅವನದೇ ಹುಚ್ಚು. ಅದನ್ನು ಬರೆದ ಪುಣ್ಯಾತ್ಮ ನಮ್ಮ ಕಡೆಯವನಾಗಿದ್ದರೆ ಆ ಮಾತು ಬರೆಯುತ್ತಿರಲಿಲ್ಲ.

ಒಂದು ಭಾನುವಾರ ಅವ್ವ ತಿಗನಾರೆಯ ಹೊಲದಲ್ಲಿ ಕೂಲಿ ಹೆಂಗಸರ ಜೊತೆ ಜೋಳ ಕೊಯ್ಯುತ್ತಿದ್ದಳು. ಆಳೆತ್ತರದ ಪೈರಿನ ಆಚೆ, ಕಾಡಿನ ಅಂಚಿನಲ್ಲಿ, ನಾನು ಪುಸ್ತಕವನ್ನು ಲಂಗಕ್ಕೆ ಸಿಕ್ಕಿಸಿಕೊಂಡು, ಕೈಗಳನ್ನು ರೆಕ್ಕೆಯಂತೆ ಚಾಚಿ ಓಡುತ್ತ ಕಿರುಚಿದೆ: "ಒಂಟಿ ಸಲಗ ಬಂತು!"

"ಆನೆ ಕಣ್ರವ್ವೋ, ಓಡ್ರೋ!" ಹೆಂಗಸರು ರಸ್ತೆಯ ಕಡೆ ಓಡಿದ ಸದ್ದು ದೂರವಾಯಿತು. ಒಂದು ಸದ್ದು ಮಾತ್ರ ದಂಟುಗಳನ್ನು ಮುರಿದುಕೊಂಡು ನನ್ನ ಕಡೆಗೇ ಬಂತು. ನಿಜವಾದ ಆನೆಯೇ ಬಂತೆಂದುಕೊಂಡೆ. ಕಾಲು ಕೀಳಲಾಗಲಿಲ್ಲ.

ಪೈರು ಸೀಳಿಕೊಂಡು ಬಂದವಳು ಅವ್ವ. ಕೈಯಲ್ಲಿ ಕುಡುಗೋಲು.

"ಎಲ್ಲಿ ಕೂಸೇ ಅದು? ನನ್ನ ಬೆನ್ನಿಂದಕ್ಕೆ ಬಾ!"

ಪುಸ್ತಕ ತೋರಿಸಿದೆ. ಕೆನ್ನೆಗೆ ಬಿತ್ತು, ಬೀಳಬೇಕಾದ್ದೇ. ಆದರೆ ಆ ಪೈಲಟ್ ನನ್ನ ಕಣ್ಣಲ್ಲಿ ಸಣ್ಣವನಾದದ್ದು ಅವತ್ತೇ. ಅವನ ಹತ್ತಿರ ವಿಮಾನವಿತ್ತು.